ಬೆಣ್ಣೆ ತೇಲಿಸಿದ ನೀರು

ಇಪ್ಪತ್ತಮೂರು ವರ್ಷದಿಂದ ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೊದಲ ಹತ್ತು ವರ್ಷ ನಾಗಮಂಗಲದಲ್ಲಿ, ಆಮೇಲೆ ಇಲ್ಲಿ ಪಾಂಡವಪುರದಲ್ಲಿ. ತಲೆಬುರುಡೆಯೊಳಗೆ ಮೆದುಳು ನೀರಿನಲ್ಲಿ ತೇಲುತ್ತಿರುತ್ತದೆ ಎಂದು ಹೇಳಿದ ಕೂಡಲೇ ಹಿಂದಿನ ಬೆಂಚಿನವನೊಬ್ಬ ಪಕ್ಕದವನನ್ನು ತೋರಿಸಿ, "ಇವನ ತಲೇಲಿ ಬರೀ ನೀರೇ ಐತೆ ಸಾರ್" ಎನ್ನುತ್ತಾನೆ. ಪ್ರತಿ ವರ್ಷ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ಪ್ರತಿ ವರ್ಷ ನಾನು ಅದನ್ನು ಹೊಸದಾಗಿ ಕೇಳಿದವನಂತೆ ನಗುತ್ತೇನೆ. ಆಮೇಲೆ ಅಕ್ಕನ ಬೆಣ್ಣೆಯ ಉದಾಹರಣೆ ಕೊಡುತ್ತೇನೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿಗೆ ಹತ್ತಿರದ ಒಂದು ಊರಿಗೆ ಅವಳನ್ನು ಕೊಟ್ಟಿದೆ. ಸ್ಕೂಲಿನ ಮುಖ ನೋಡಿದವಳಲ್ಲ. ಡೇರಿ ಪುಸ್ತಕದ ಅಂಕಿ ಗೊತ್ತಾಗುತ್ತದೆ, ಅಕ್ಷರ ಗೊತ್ತಾಗುವುದಿಲ್ಲ. ಎರಡು ಹಸು ಕಟ್ಟಿದ್ದಾಳೆ. ಡೇರಿಗೆ ಹಾಕಿ ಉಳಿದ ಹಾಲನ್ನು ಹೆಪ್ಪು ಹಾಕಿ, ಕಡೆದು, ಬಂದ ಬೆಣ್ಣೆಯನ್ನು ಉಂಡೆ ಕಟ್ಟಿ ಒಂದು ಬಟ್ಟಲು ತಣ್ಣೀರಿನಲ್ಲಿ ತೇಲಬಿಡುತ್ತಾಳೆ. ಬರಿಯ ಬಟ್ಟಲಲ್ಲಿಟ್ಟರೆ ಬೆಣ್ಣೆ ತನ್ನ ಭಾರಕ್ಕೆ ತಾನೇ ಕುಸಿದು ತಳಕ್ಕೆ ಅಂಟಿಕೊಳ್ಳುತ್ತದೆ, ಬಟ್ಟಲು ಅಲ್ಲಾಡಿದರೆ ಅಂಚಿಗೆ ಬಡಿದು ಆಕಾರ ಕೆಡುತ್ತದೆ. ನೀರಿನಲ್ಲಿದ್ದರೆ ಭಾರವೇ ಇಲ್ಲದಂತೆ ಇರುತ್ತದೆ. ಮೆದುಳೂ ಹಾಗೆಯೇ ಮೆತ್ತಗಿನ ಪದಾರ್ಥ. ಹೊರಗೆ ತೂಗಿದರೆ ಒಂದೂಕಾಲು ಕಿಲೋಗೂ ಮೇಲೆ, ಒಳಗೆ ಆ ನೀರಿನಲ್ಲಿ ತೇಲುವಾಗ ಐವತ್ತು ಗ್ರಾಮಿನಷ್ಟು. ಅಕ್ಕ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬೆಣ್ಣೆಯ ನೀರು ಬದಲಿಸುತ್ತಾಳೆ, ಇಲ್ಲದಿದ್ದರೆ ಕಮಟು ವಾಸನೆ ಬರುತ್ತದೆ. ತಲೆಯೊಳಗಿನ ನೀರೂ ದಿನಕ್ಕೆ ಮೂರು ನಾಲ್ಕು ಸಲ ಪೂರ್ತಿ ಬದಲಾಗುತ್ತದೆ. ರಕ್ತದಿಂದಲೇ ಸೋಸಿ ಬಂದು, ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತಾಡಿ, ಮತ್ತೆ ರಕ್ತಕ್ಕೇ ಸೇರುತ್ತದೆ.

ರಕ್ತದ ಪೂರೈಕೆಗೆ ನನ್ನ ಉದಾಹರಣೆ ಶ್ರೀರಂಗಪಟ್ಟಣ. ಕಾವೇರಿ ಊರಿನ ಮೇಲುಗಡೆ ಎರಡು ಕವಲಾಗಿ, ಊರನ್ನು ಬಳಸಿಕೊಂಡು, ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಮೆದುಳಿನ ಬುಡದಲ್ಲೂ ರಕ್ತನಾಳಗಳು ಹೀಗೆ ಒಂದಕ್ಕೊಂದು ಕೂಡಿ ಉಂಗುರದಂತೆ ನಿಂತಿವೆ. ಒಂದು ಕಡೆ ಕಟ್ಟಿಕೊಂಡರೆ ಇನ್ನೊಂದು ಕಡೆಯಿಂದ ಬರಲಿ ಎಂದು. ಈ ಎರಡು ಉದಾಹರಣೆಗಳಿಂದ ನನಗೆ ಒಳ್ಳೆಯ ಲೆಕ್ಚರರ್ ಎಂಬ ಹೆಸರು ಬಂದಿದೆ. ಒಮ್ಮೆ ಅಕ್ಕನಿಗೆ ಇದನ್ನು ಹೇಳಿದ್ದೆ. "ನನ್ ಬೆಣ್ಣೆ ಕಾಲೇಜ್ಗೋಗ್ಬಂತೇನ್ಲಾ? ನಾನೇ ಓಗ್ನಿಲ್ವಲ್ಲೋ!" ಎಂದು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಇದನ್ನೆಲ್ಲ ಮೊದಲೇ ಹೇಳಿಬಿಟ್ಟೆ. ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ನುಣುಚಿಕೊಳ್ಳಬಾರದಲ್ಲ, ಅದಕ್ಕೆ.

ನನ್ನ ಮಗನ ಮದುವೆ ನಿಶ್ಚಯವಾಗಿದ್ದ ಸಮಯ. ಅಕ್ಕ ಕೊಟ್ಟಿಗೆಯಲ್ಲಿ ಹುಲ್ಲು ಹಾಕಲು ಬಗ್ಗಿದ್ದಾಗ ಹಸು ನೊಣ ಓಡಿಸಲು ತಲೆ ಒದರಿತು. ಕೊಂಬಿನ ಬುಡ ಅವಳ ಎರಡು ಹುಬ್ಬಿನ ನಡುವೆ ಬಡಿಯಿತು. ಮೂಗಿನಲ್ಲಿ ರಕ್ತ ಬಂತು, ನಿಂತಿತು. ಬಾವ ಕೆ.ಆರ್. ಪೇಟೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ವಾರದ ಮೇಲೆ ನಾನು ನೋಡಲು ಹೋದಾಗ ಅವಳ ಎರಡು ಕಣ್ಣಿನ ಸುತ್ತಲೂ ಕಪ್ಪಗೆ ರಕ್ತ ಹೆಪ್ಪುಗಟ್ಟಿತ್ತು.

"ಏನಕ್ಕ, ಬಾವ ಕೈ ಮಾಡ್ಬುಟ್ರಾ?" ಎಂದೆ.

ಬಾವ ಸಾಧು ಮನುಷ್ಯ, ಹಸುವಿಗೂ ಗದರಿದವರಲ್ಲ. ಅವರ ಮುಖ ಸಣ್ಣದಾಯಿತು. ಅಕ್ಕ ಎರಡು ಕೈಯಲ್ಲಿ ಹಣೆ ಹಿಡಿದುಕೊಂಡು, "ನಗುಸ್ಬ್ಯಾಡ ಕಣ್ಲಾ, ನೋಯ್ತದೆ" ಎಂದಳು. ಪೆಟ್ಟು ಬಿದ್ದದ್ದು ಮೂಗಿನ ಬುಡಕ್ಕೆ, ಕಪ್ಪಾದದ್ದು ಎರಡೂ ಕಣ್ಣು. ಅದು ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಜೋಕು ಮಾಡಿ, ಕಾಫಿ ಕುಡಿದು, ಒಂದು ಡಬ್ಬಿ ಬೆಣ್ಣೆ ಕಟ್ಟಿಸಿಕೊಂಡು ಬಂದೆ.

ಮದುವೆಗೆ ಮೊದಲ ಕರೆ ಸೋದರತ್ತೆಗೆ. ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು ಮತ್ತೆ ಹೋದೆ. ಸಂಜೆ ಹಾಲು ಕರೆಯುವ ಹೊತ್ತಾಗಿತ್ತು. ಅಕ್ಕ ಹಾಲು ಕರೆಯುವಾಗ ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿ ತಲೆ ತಗ್ಗಿಸಿ ಕೂರುತ್ತಾಳೆ, ಹಸು ಕದಲಿದರೆ ಹಣೆಗೇ ಮೊದಲು ತಿಳಿಯುತ್ತದೆ. ಅವತ್ತು ಅವಳು ಹಣೆ ಆನಿಸಿರಲಿಲ್ಲ. ಕತ್ತನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಹೆಗಲಿಗೆ ಮೂಗು ಒರೆಸಿಕೊಳ್ಳುತ್ತಾ ಕರೆಯುತ್ತಿದ್ದಳು.

"ನೆಗಡಿ ಇಡ್ಕಂಡ್ಬುಟ್ಟದಾ?" ಎಂದೆ.

"ನೆಗಡಿ ಅಲ್ಲ ಕಣ್ಲಾ ಇದು. ಎಡಗಡೆ ಮೂಗ್ನಲ್ಲಿ ಮಾತ್ರ ಬತ್ತದೆ. ಬಗ್ಗುದ್ರೆ ತೊಟ್ಟು ತೊಟ್ಟು ಸುರೀತದೆ, ಎದ್ ನಿಂತ್ರೆ ನಿಂತೋಯ್ತದೆ. ಸಿಂಬಳದಂಗೆ ಅಂಟಲ್ಲ, ಬಾವಿ ನೀರಿದ್ದಂಗೈತೆ. ಗಂಟ್ಲಿಗಿಳುದ್ರೆ ಉಪ್ಪುಪ್ಪು. ತಲೆನೂ ನೋಯ್ತದೆ. ಕುಂತ್ರೆ ನೋವು, ಮನಿಕ್ಕಂಡ್ರೆ ವಾಸಿ."

ಈ ಮಾತನ್ನು ನಾನು ಈಗಲೂ ಒಂದಕ್ಷರ ಬಿಡದೆ ಒಪ್ಪಿಸಬಲ್ಲೆ. ಅಕ್ಷರ ಬಾರದ ಹೆಂಗಸು, ಯಾವ ಪುಸ್ತಕವನ್ನೂ ಮುಟ್ಟದೆ, ಪುಸ್ತಕದಲ್ಲಿ ಬರೆದದ್ದಕ್ಕಿಂತ ಚೆನ್ನಾಗಿ ಹೇಳಿದಳು. ಕೇಳಿಸಿಕೊಂಡವನು ಜೀವಶಾಸ್ತ್ರದ ಲೆಕ್ಚರರ್. ನನ್ನ ಕೈಯಲ್ಲಿ ಫೋನಿತ್ತು. ಮದುವೆಯ ಶಾಮಿಯಾನದವನು ಬಿಳಿ ಬಟ್ಟೆಯೋ ಹಳದಿ ಬಟ್ಟೆಯೋ ಎಂದು ಕೇಳಿ ಫೋಟೋ ಕಳಿಸಿದ್ದ. ಅದನ್ನು ನೋಡುತ್ತಲೇ, "ಉಲ್ಲಿನ ದೂಳು ಕಣಕ್ಕ. ಅಲರ್ಜಿ ಅಂತಾರೆ. ಮಾತ್ರೆ ತರುಸ್ಕೊ, ಓಯ್ತದೆ" ಎಂದೆ.

ಅಕ್ಕ ಹೂಂ ಎಂದಳು. ತಮ್ಮ ಹೇಳಿದ ಮೇಲೆ ಇನ್ನೇನಿದೆ!

ಬೀಗರು ಶ್ರೀರಂಗಪಟ್ಟಣದವರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಮನೆಯಲ್ಲಿ ಡೈನಿಂಗ್ ಟೇಬಲ್ಲಿನ ಮೇಲೆ ಹೂದಾನಿ ಇಟ್ಟುಕೊಂಡವರು. ಆ ಹೂದಾನಿ ನೋಡಿದ ದಿನದಿಂದ ನನಗೆ ಒಂದು ಥರ ನಡುಕ ಹಿಡಿದಿತ್ತು. ನಮ್ಮ ಮನೆಯ ಗೋಡೆಗೆ ಬಣ್ಣ ಬಳಿಸಿದೆ, ಬಾಗಿಲ ಪರದೆ ಬದಲಿಸಿದೆ, ಬಚ್ಚಲಿನ ಹಳೆಯ ಹಂಡೆಯನ್ನು ಅಟ್ಟಕ್ಕೆ ಏರಿಸಿದೆ. ಹೆಂಡತಿ, "ಹಂಗಾದ್ರೆ ನನ್ನನ್ನೂ ಅಟ್ಟುಕ್ಕೆ ಹತ್ತಿಸ್ಬುಡಿ" ಎಂದು ಆಡಿಕೊಂಡಳು.

ಮದುವೆಯಾದ ಮೂರನೆಯ ದಿನ ನಮ್ಮ ಮನೆಯಲ್ಲಿ ಬೀಗರ ಊಟ. ನಮ್ಮ ಕಡೆ ಮದುವೆಗಿಂತ ಬೀಗರ ಊಟಕ್ಕೇ ಜನ ಜಾಸ್ತಿ. ಮಟನ್ ಸಾರು, ಬೋಟಿ ಗೊಜ್ಜು, ಚಿಕನ್ ಫ್ರೈ, ಮುದ್ದೆ. ಬಾಣಸಿಗರು ಎಷ್ಟು ನೂರು ಮುದ್ದೆಯನ್ನಾದರೂ ಕಟ್ಟಲಿ, ಬೀಗರು ಕೂರುವ ಮೊದಲ ಪಂಕ್ತಿಯ ಮುದ್ದೆಯನ್ನು ಮನೆಯ ಹೆಣ್ಣುಮಗಳೇ ತೊಳಸಬೇಕು ಎನ್ನುವುದು ನಮ್ಮ ಮನೆತನದ ಪದ್ಧತಿ. ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಹಿಟ್ಟು ತೊಳಸುವುದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ. ಅವಳ ಮುದ್ದೆಯಲ್ಲಿ ಒಂದು ಗಂಟು ಹುಡುಕಿ ಕೊಟ್ಟವರಿಗೆ ಬಾವ ಒಂದು ಕೋಳಿ ಕೊಡುತ್ತೇನೆಂದು ಪಂದ್ಯ ಕಟ್ಟುತ್ತಿದ್ದರು.

ಹಿತ್ತಿಲಲ್ಲಿ ಸೌದೆ ಒಲೆ. ಅಕ್ಕ ಸೆರಗು ಬಿಗಿದು, ಪಾತ್ರೆಯನ್ನು ಕೆಳಗಿಳಿಸಿ, ಎರಡು ಪಾದದ ನಡುವೆ ಅದುಮಿ ಹಿಡಿದು, ಕೋಲು ಹಾಕಿ ತೊಳಸುತ್ತಿದ್ದಳು. ಹಿಟ್ಟು ತೊಳಸಬೇಕಾದರೆ ಬಗ್ಗಲೇಬೇಕು, ಸೊಂಟದಿಂದ ತಲೆಯವರೆಗೂ ಬಗ್ಗಬೇಕು. ಹೊಸ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ನೋಡೋಣವೆಂದು ಹಿತ್ತಿಲಿಗೆ ಬಂದರು. ನಾನು ಅವರ ಹಿಂದೆಯೇ ಇದ್ದೆ. ಅಕ್ಕನ ಮೂಗಿನ ತುದಿಯಲ್ಲಿ ಒಂದು ಹನಿ ಮೂಡಿತು, ಹೊಳೆಯಿತು, ಬಿತ್ತು. ಪಾತ್ರೆಗೆ ಬೀಳಲಿಲ್ಲ, ಅವಳ ಮುಂಗೈ ಮೇಲೆ ಬಿತ್ತು. ನಾನು ಕಣ್ಣಾರೆ ನೋಡಿದೆ. ಬೀಗಿತ್ತಿ ಸೆರಗನ್ನು ಮೂಗಿಗೆ ಅಡ್ಡ ಹಿಡಿದು, ಸರ್ರನೆ ತಿರುಗಿ ಒಳಗೆ ಹೋದರು.

ನನ್ನ ತಲೆಗೆ ರಕ್ತ ನುಗ್ಗಿತು. ಹೋಗಿ ಅಕ್ಕನ ಕೈಯಿಂದ ಕೋಲು ಕಿತ್ತುಕೊಂಡೆ.

"ಏಳಕ್ಕ ಮೇಲೆ. ಮೂಗು ಸುರುಸ್ಕಂಡು ಬೀಗರಿಗೆ ಇಟ್ಟು ತೊಳುಸ್ತೀಯಲ್ಲ, ನಾಚ್ಕೆ ಆಗಕಿಲ್ವಾ? ಜನ ಅಸಯ್ಯ ಪಟ್ಕತಾರೆ ಅನ್ನೋ ಗ್ಯಾನ ಬ್ಯಾಡ್ವಾ?"

ಬಾಣಸಿಗರು ಸೌಟು ನಿಲ್ಲಿಸಿ ನೋಡಿದರು. ತರಕಾರಿ ಹೆಚ್ಚುತ್ತಿದ್ದ ನಾಲ್ಕೈದು ಹೆಂಗಸರು ತಲೆ ತಗ್ಗಿಸಿದರು. ಅಕ್ಕ ಮುಂಗೈಯನ್ನು ಸೀರೆಗೆ ಒರೆಸಿಕೊಂಡಳು, ಎದ್ದಳು, ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದಳು. ನಾನು ಆ ಪಾತ್ರೆಯ ಮುದ್ದೆಯನ್ನೆಲ್ಲ ದನಕ್ಕೆ ಹಾಕಿಸಿದೆ. ಬೀಗರ ಪಂಕ್ತಿಗೆ ಬಾಣಸಿಗರ ಮುದ್ದೆ ಹೋಯಿತು.

ಊಟದ ಗದ್ದಲ ಮುಗಿದ ಮೇಲೆ ನೋಡಿದರೆ ಅಕ್ಕ ಬಾವ ಇರಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಟುಹೋಗಿದ್ದರು. ಬೀಗರ ಊಟದ ಮನೆಯಿಂದ ಮನೆಮಗಳು ಎಲೆ ಮುಂದೆ ಕೂರದೆ ಹೋಗುವುದೆಂದರೆ ಸಣ್ಣ ಮಾತಲ್ಲ. ನನಗೆ ಅವತ್ತು ಏನನ್ನಿಸಿತು ಎಂದರೆ, ಬರೆಯಲು ಕೈ ಬಾರದು, ಆದರೂ ಬರೆಯುತ್ತೇನೆ: ಸದ್ಯ, ಬೀಗರ ಕಣ್ಣಿಗೆ ಮತ್ತೆ ಬೀಳಲಿಲ್ಲವಲ್ಲ ಎಂದು ಹಗುರವಾಯಿತು.

ನಾಲ್ಕು ದಿನದ ಮೇಲೆ ಹೆಂಡತಿ ಅಡುಗೆಮನೆಯ ಮೂಲೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ತೋರಿಸಿದಳು. ಸೊಸೆಗೆಂದು ಅಕ್ಕ ತಂದಿದ್ದ ಬೆಣ್ಣೆ. ನೀರಿನಲ್ಲಿ ತೇಲಿಸಿಯೇ ತಂದಿದ್ದಳು. ಯಾರೂ ನೀರು ಬದಲಿಸಿರಲಿಲ್ಲ. ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳುವಂತಿತ್ತು.

ಅದಾದ ಕೆಲವು ವಾರಕ್ಕೆ ಕಾಲೇಜಿನಲ್ಲಿ ಮೆದುಳಿನ ಪಾಠ ಬಂತು. ಬೆಂಚಿನ ಜೋಕು ಬಂತು, ಬೆಣ್ಣೆ ಬಂತು, ಕಾವೇರಿ ಬಂತು. ಮೆದುಳಿಗೆ ಮೂರು ಹೊದಿಕೆ, ನಡುವಿನದಕ್ಕೆ ಜೇಡರ ಬಲೆಯ ಹೆಸರು, ಅದರ ಕೆಳಗೆ ನೀರು ಎಂದು ಚಿತ್ರ ಬಿಡಿಸಿದೆ. ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ತಲೆಗೆ ಏಟಾಗಿ ಬಟ್ಟಲೇ ಬಿರುಕು ಬಿಟ್ರೆ ನೀರು ಎಲ್ಲಿಂದ ಸೋರುತ್ತೆ?" ಎಂದು ಕೇಳಿದಳು.

"ಮೂಗಿನಿಂದ ಅಥವಾ ಕಿವಿಯಿಂದ. ಮೂಗಿನ ಮೇಲುಗಡೆ ಮೂಳೆ ತೆಳ್ಳಗಿರುತ್ತದೆ, ಅದು ಸೀಳಿದರೆ ಎರಡು ಕಣ್ಣಿನ ಸುತ್ತಲೂ ಕಪ್ಪಾಗಬಹುದು. ತಿಳಿ ನೀರು, ಸಾಮಾನ್ಯವಾಗಿ ಒಂದೇ ಹೊಳ್ಳೆಯಿಂದ, ಬಗ್ಗಿದಾಗ ಹೆಚ್ಚು. ನೀರು ಹೊರಗೆ ಬರುವ ದಾರಿಯಲ್ಲೇ ರೋಗಾಣು ಒಳಗೆ ಹೋಗಬಹುದು, ಹೋದರೆ ಪ್ರಾಣಕ್ಕೆ ಅಪಾಯ."

ಇದನ್ನು ಹೇಳುತ್ತಾ ಬೋರ್ಡಿನ ಮೇಲೆ ಬರೆಯುತ್ತಿದ್ದೆ. 'ಬಗ್ಗಿದಾಗ' ಎಂದು ಬರೆದ ಕೂಡಲೇ ಸೀಮೆಸುಣ್ಣ ನಿಂತಿತು. ಹಸುವಿನ ಹೊಟ್ಟೆಯ ಪಕ್ಕ ಕತ್ತು ತಿರುಗಿಸಿಕೊಂಡು ಕೂತಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಒಳ್ಳೆಯವನಾಗಿದ್ದರೆ ತರಗತಿ ಬಿಟ್ಟು ಹೊರಗೆ ಓಡಿ ಫೋನ್ ಮಾಡುತ್ತಿದ್ದ. ನಾನು ಬೋರ್ಡು ಒರೆಸಿದೆ. ಒರೆಸುವಷ್ಟರಲ್ಲಿ ಮನಸ್ಸು ಸಮಾಧಾನ ಹುಡುಕಿಕೊಂಡಿತು. ಅವಳದು ಅಲರ್ಜಿಯೇ ಇರಬೇಕು, ಇಷ್ಟು ಹೊತ್ತಿಗೆ ನಿಂತಿರುತ್ತದೆ, ಸಂಜೆ ಒಂದು ಮಾತು ಕೇಳಿದರಾಯಿತು.

ಸಂಜೆ ಕೇಳಲಿಲ್ಲ. ಫೋನ್ ಮಾಡಿದರೆ ಹಿತ್ತಿಲಿನ ಮಾತು ಬರುತ್ತದೆ, ಬಂದರೆ ನಾನು ತಪ್ಪಾಯಿತು ಎನ್ನಬೇಕಾಗುತ್ತದೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳ ಮುಂದೆ ಆ ಎರಡು ಶಬ್ದ ಆಡಲು ನನಗೆ ಅಷ್ಟು ಬಿಗುಮಾನ. ನಾಳೆ, ನಾಡಿದ್ದು ಎನ್ನುತ್ತಾ ಹನ್ನೊಂದು ದಿನ ಕಳೆದೆ. ಹನ್ನೊಂದು ದಿನವೂ ಗೊತ್ತಿದ್ದೇ ಕಳೆದೆ. ಅಲರ್ಜಿ ಎಂದು ಹೇಳಿದ ದಿನದ್ದು ದಡ್ಡತನ. ಹಿತ್ತಿಲಿನದು ಸಿಟ್ಟು. ಈ ಹನ್ನೊಂದು ದಿನಕ್ಕೆ ಯಾವ ಹೆಸರು ಕೊಡಲಿ?

ಹನ್ನೆರಡನೆಯ ದಿನ ಬೆಳಿಗ್ಗೆ ತರಗತಿಯಲ್ಲಿದ್ದಾಗ ಬಾವನ ಫೋನ್ ಬಂತು.

"ಮೇಷ್ಟ್ರೇ, ನಿಮ್ಮಕ್ಕ ಏನೇನೋ ಮಾತಾಡ್ತಾವ್ಳೆ. ಮೈ ಕೆಂಡ ಆಗೈತೆ. ಕತ್ತು ಮರಗಟ್ಟೋಗೈತೆ, ಬಗ್ಗುಸೋಕೇ ಆಯ್ತಿಲ್ಲ. ಇಲ್ಲಿ ಆಗಲ್ಲ ಮೈಸೂರ್ಗೆ ಓಗಿ ಅಂದವ್ರೆ. ಆಂಬುಲೆನ್ಸ್ ಬತ್ತಾ ಐತೆ."

ಪಾಂಡವಪುರದಲ್ಲಿ ನಾನು ಆಂಬುಲೆನ್ಸ್ ಹತ್ತಿಕೊಂಡೆ. ಅಕ್ಕನ ಕಣ್ಣು ಅರೆ ತೆರೆದಿತ್ತು, ನನ್ನನ್ನು ಗುರುತಿಸಲಿಲ್ಲ. ಎಡ ಮೂಗಿನಲ್ಲಿ ಬಿಳಿಯದೇನೋ ಕಂಡಿತು. ದೀಪದ ಬತ್ತಿ ಹೊಸೆಯುವ ಹತ್ತಿಯನ್ನು ಉಂಡೆ ಮಾಡಿ ತುರುಕಿಕೊಂಡಿದ್ದಳು.

"ಬೀಗ್ರೂಟ ಆದಾಗ್ನಿಂದ ಇಂಗೇ," ಎಂದರು ಬಾವ. "ಹಾಲು ಕರೆಯೋವಾಗ, ಡೇರಿಗೋಗೋವಾಗ, ಯಾವಾಗ್ಲೂ ಅರಳೆ. ಕೇಳುದ್ರೆ, ತಮ್ಮ ಹೇಳವ್ನೆ, ಜನ ನೋಡುದ್ರೆ ಅಸಯ್ಯ ಪಡ್ತಾರೆ ಅಂತಾಳೆ. ಡಾಕ್ಟ್ರುತಾವ್ಕೋಗಮ ಬಾ ಅಂದ್ರೆ, ನನ್ ತಮ್ಮಂಗಿಂತ ಯಾವ್ ಡಾಕ್ಟ್ರು, ಅಲರ್ಜಿ ಅಂತ ಹೇಳವ್ನಲ್ಲ ಅಂದ್ಬುಟ್ಲು."

ಅವರು ನನ್ನನ್ನು ಹಂಗಿಸಲು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೆ. ಹಂಗಿಸಿದ್ದರೆ ನಾನೂ ಏನಾದರೂ ಎದುರು ಮಾತಾಡಬಹುದಿತ್ತು. ಶ್ರೀರಂಗಪಟ್ಟಣದಲ್ಲಿ ಗಾಡಿ ಕಾವೇರಿಯ ಒಂದು ಕವಲು ದಾಟಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಕವಲು ದಾಟಿತು. ಇಪ್ಪತ್ತಮೂರು ವರ್ಷದ ನನ್ನ ಉದಾಹರಣೆ. ನಾನು ಕಿಟಕಿಯಿಂದ ಮುಖ ತಿರುಗಿಸಿಕೊಂಡೆ.

ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಲೇಡಿ ಡಾಕ್ಟರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎಂದರು. ಬಾವ ಹೆದರಿದರು. ಬೆನ್ನು ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ ಎಂದು ನಾನು ಅವರಿಗೆ ಬಿಡಿಸಿ ಹೇಳಿದೆ, ಆ ನೀರು ದಿನಾ ಹೊಸದಾಗಿ ಹುಟ್ಟುತ್ತದೆ ಎಂದು ಪಾಠವನ್ನೇ ಮಾಡಿದೆ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಡಾಕ್ಟರು ಚಿಕ್ಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬಾವಿ ನೀರಿನಂತೆ ತಿಳಿಯಾಗಿರಬೇಕಾ​ದದ್ದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು.

"ಮೆದುಳಿನ ಪೊರೆಗೆ ಸೋಂಕಾಗಿದೆ. ಮೂಗಿನಿಂದ ನೀರು ಸೋರುತ್ತಿತ್ತಲ್ಲ, ಎಷ್ಟು ದಿನದಿಂದ?" ಎಂದು ಕೇಳಿದರು.

ಬಾವ ನನ್ನ ಮುಖ ನೋಡಿದರು. "ಸರಿಯಾಗಿ ಗೊತ್ತಿಲ್ಲ ಮೇಡಂ" ಎಂದೆ.

"ಇಷ್ಟು ದಿನ ಹತ್ತಿ ಇಟ್ಟುಕೊಂಡು ಕೂತಿದ್ದಾರೆ! ಮನೆಯಲ್ಲಿ ಓದಿದವರು ಯಾರೂ ಇಲ್ಲವಾ?"

"ಇಲ್ದೆ ಏನು ಮೇಡಮ್ಮೋರೆ, ಇವ್ರೇ ಅವ್ರಲ್ಲ!" ಎಂದರು ಬಾವ. ಆ ಸ್ಥಿತಿಯಲ್ಲೂ ಅವರ ದನಿಯಲ್ಲಿ ಹೆಮ್ಮೆಯಿತ್ತು. "ನಮ್ ಬಾಮೈದ. ಕಾಲೇಜ್ನಲ್ಲಿ ಈ ತಲೆ ಪಾಠ್ವೇ ಮಾಡ್ತಾರೆ. ನಮ್ಮೆಂಗ್ಸ್ರು ಬೆಣ್ಣೆ ತೋರ್ಸೇ ಮಾಡ್ತಾರಂತೆ."

ಡಾಕ್ಟರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಾಗದದ ಮೇಲೆ ಬರೆಯಲು ತೊಡಗಿದರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಬಾಗಿಲ ಪಕ್ಕದ ಕುಡಿಯುವ ನೀರಿನ ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಕೈ ತೊಳೆದೆ.

ಮೂರನೆಯ ದಿನ ಬೀಗಿತ್ತಿ ನೋಡಲು ಬಂದರು. ಎಳನೀರು ತಂದಿದ್ದರು. ಅಕ್ಕನಿಗೆ ಪ್ರಜ್ಞೆ ಇರಲಿಲ್ಲ, ಗಾಜಿನ ಬಾಗಿಲಿನಿಂದಲೇ ನೋಡಿ ಕಣ್ಣೊರೆಸಿಕೊಂಡು ನನ್ನ ಪಕ್ಕ ಕೂತರು.

"ಅವತ್ತು ನಿಮ್ಮಕ್ಕನ ಕೈ ಮುದ್ದೆ ಸಿಗುತ್ತೆ ಅಂತ ಕಾದಿದ್ದೆ ಕಣ್ರೀ. ನಮ್ಮಮ್ಮನೂ ಹಂಗೇ ಕಾಲಲ್ಲಿ ಪಾತ್ರೆ ಹಿಡಿದು ತೊಳಸೋರು. ನೋಡ್ತಾ ನಿಲ್ಲೋಣ ಅಂದ್ರೆ ಆ ಸೌದೆ ಹೊಗೆ ಕಣ್ಣಿಗೂ ಮೂಗಿಗೂ ತುಂಬ್ಕೊಂಡ್ಬಿಡ್ತು. ಸೆರಗು ಮುಚ್ಕೊಂಡು ಒಳಗೆ ಓಡ್ದೆ. ಆಮೇಲೆ ಅವರು ಕಾಣಿಸ್ಲೇ ಇಲ್ಲ. ಊಟಾನೂ ಮಾಡ್ದೆ ಹೋದ್ರಂತೆ, ಯಾಕೆ?"

ಅವರು ಹನಿಯನ್ನು ನೋಡಿಯೇ ಇರಲಿಲ್ಲ. ಹೊಗೆ. ಬರೀ ಹೊಗೆ. "ಹಸು ಕರೆಯೋ ಹೊತ್ತಾಗಿತ್ತು, ಅದಕ್ಕೆ" ಎಂದೆ. ಒಂದು ವಾರದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು.

ಅಕ್ಕ ಕಣ್ಣು ಬಿಟ್ಟದ್ದು ಆರನೆಯ ದಿನ. ಅಷ್ಟರಲ್ಲಿ ನಾನು ಹೇಳಬೇಕಾದದ್ದನ್ನು ಪರೀಕ್ಷೆಗೆ ಹೋಗುವ ಹುಡುಗನಂತೆ ಉರು ಹೊಡೆದಿದ್ದೆ. ಬಾವನನ್ನು ಟೀ ಕುಡಿಯಲು ಕಳಿಸಿ, ಹಾಸಿಗೆಯ ಪಕ್ಕ ಕೂತು, ಅವಳ ಕೈ ಹಿಡಿದು, ಎಲ್ಲವನ್ನೂ ಹೇಳಿದೆ. ಕೋಲು ಕಿತ್ತುಕೊಂಡದ್ದು, ಮುದ್ದೆಯನ್ನು ದನಕ್ಕೆ ಹಾಕಿಸಿದ್ದು, ಬೋರ್ಡು ಒರೆಸಿದ್ದು, ಹನ್ನೊಂದು ದಿನ. ಕೊನೆಗೆ, "ತಪ್ಪಾಯ್ತು ಕಣಕ್ಕ" ಎಂದೆ. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಯಾಕ್ಲಾ ಬರೀ ಬಾಯಾಡುಸ್ತೀಯ? ಜೋರಾಗ್ ಹೇಳು" ಎಂದಳು. ವಾರ್ಡಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಪೊರೆಯ ಸೋಂಕು ಕಿವಿಯ ಒಳಭಾಗಕ್ಕೆ ಹಬ್ಬಿತ್ತು. ರಕ್ತನಾಳಗಳು ಕಟ್ಟಿಕೊಂಡಿಲ್ಲ, ಮೆದುಳಿಗೆ ರಕ್ತ ಸರಿಯಾಗಿ ಹೋಗುತ್ತಿದೆ, ಕೈಕಾಲು ನೆನಪು ಎಲ್ಲ ಉಳಿಯುತ್ತದೆ, ಅದೇ ದೊಡ್ಡದು ಎಂದರು ಡಾಕ್ಟರು. ಕಿವಿ ಮಾತ್ರ ಎರಡೂ ಹೋಗಿದ್ದವು. ಸೋಂಕು ಪೂರ್ತಿ ವಾಸಿಯಾದ ಮೇಲೆ ಅವಳ ತೊಡೆಯಿಂದ ಒಂದು ಪೊರೆಯ ತುಂಡು ತೆಗೆದು, ಮೂಗಿನ ದಾರಿಯಿಂದಲೇ ಹೋಗಿ, ಬಿರುಕಿಗೆ ತೇಪೆ ಹಾಕಿದರು. ಮೂರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ತಿಣುಕಬಾರದು ಎಂದು ಹೇಳಿ ಕಳಿಸಿದರು. ಕಿವಿಯೊಳಗೆ ಯಂತ್ರ ಕೂರಿಸುವ ದಾರಿಯೂ ಇದೆ ಎಂದರು. ಸನ್ನೆಯಲ್ಲಿ ತಿಳಿಸಿದಾಗ ಅಕ್ಕ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು, "ಬ್ಯಾಡ ಕಣ್ರಪ್ಪ, ಇನ್ನೊಂದ್ ಸಲ ತಲೆಗೆ ಕೈ ಆಕುಸ್ಕಳಲ್ಲ" ಎಂದುಬಿಟ್ಟಳು.

ಬರೆದು ತೋರಿಸೋಣವೆಂದರೆ ಓದು ಬಾರದು. ಹೇಳೋಣವೆಂದರೆ ಕೇಳದು. ಬಾವನಿಗೆ ಹೇಳಿ ಅವರ ಕೈಯಲ್ಲಿ ಹೇಳಿಸೋಣವೆಂದರೆ ಅವರಿಗೂ ಸನ್ನೆಯೇ ಗತಿ. ಊಟ, ನಿದ್ದೆ, ಹಾಲು, ಬಸ್ಸು, ಇವಕ್ಕೆಲ್ಲ ಸನ್ನೆ ಇದೆ. ನಾಚಿಕೆಗೆ ಯಾವ ಸನ್ನೆ ಮಾಡುವುದು?

ಈ ವರ್ಷ ಮೆದುಳಿನ ಪಾಠ ಬಂದಾಗ ನಾನು ಬೆಣ್ಣೆಯ ಉದಾಹರಣೆ ಕೊಡಲಿಲ್ಲ. ನೀರಿನಲ್ಲಿ ತೇಲುತ್ತದೆ ಎಂದಷ್ಟೇ ಹೇಳಿ ಪುಟ ತಿರುಗಿಸಿದೆ.

ಹೋದ ತಿಂಗಳು ಸೊಸೆಯ ಸೀಮಂತಕ್ಕೆ ಕರೆಯಲು ಅಕ್ಕನ ಊರಿಗೆ ಹೋದೆ. ಮೊದಲ ಕರೆ ಅವಳಿಗೇ. ಬಾವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು, ಹಸು ಅವರಿಗೆ ಇನ್ನೂ ಒಗ್ಗಿಲ್ಲ. ಅಕ್ಕ ಜಗಲಿಯ ಮೇಲೆ ಕೂತಿದ್ದಳು. ನಾನು ಹೊಟ್ಟೆ ಮುಂದೆ ಕೈ ಗುಂಡಗೆ ಮಾಡಿ ತೋರಿಸಿದೆ, ಅರ್ಥವಾಗಿ ಮುಖ ಅರಳಿತು. ಕುಂಕುಮ ಇಟ್ಟುಕೊಂಡಳು, ಸೀರೆಯನ್ನು ಕಣ್ಣಿಗೊತ್ತಿಕೊಂಡಳು.

ಈಗಲಾದರೂ ಎಂದುಕೊಂಡೆ. ಹಿತ್ತಿಲಿನ ಆ ದಿನದಿಂದ ಶುರು ಮಾಡಬೇಕಿತ್ತು. ಅದಕ್ಕೆ ಮೊದಲು ಅವಳ ಮೂಗನ್ನು ಬೆರಳಿನಿಂದ ತೋರಿಸಿದೆ. ಆಮೇಲೆ ಹಿಟ್ಟು ತೊಳಸುವ ಹಾಗೆ ಕೈ ತಿರುವಿದೆ. ಆಮೇಲೆ ನನ್ನ ಎದೆ ಮುಟ್ಟಿಕೊಂಡು ಕೈ ಮುಗಿಯಬೇಕೆಂದಿದ್ದೆ. ಅಲ್ಲಿಗೆ ಬರಲು ಅವಳು ಬಿಡಲಿಲ್ಲ. ಮುಖದ ನಗು ಹೋಯಿತು. ಸೆರಗಿನ ತುದಿಯಿಂದ ಮೂಗನ್ನು ಬೇಗ ಬೇಗ ಒರೆಸಿಕೊಂಡಳು, ಒರೆಸಿದ ಸೆರಗನ್ನು ಬಿಡಿಸಿ ನನ್ನ ಮುಂದೆ ಹಿಡಿದಳು.

"ಇಲ್ಲ ಕಣ್ಲಾ, ನಿಂತೋಗೈತೆ! ನೋಡು!"

ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರು ತಿರುಗಿ ನೋಡಿದರು. ಬೇಡ ಬೇಡ ಎಂದು ನಾನು ಕೈಯಾಡಿಸುವುದರೊಳಗೆ ಅಕ್ಕ ಜಗಲಿಯಿಂದ ಇಳಿದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಮೊಣಕಾಲಿಗೆ ತಾಗುವಷ್ಟು ಬಗ್ಗಿಸಿದಳು. ಹಾಗೆಯೇ ಇದ್ದಳು. ಬಾವ ಚೊಂಬು ಬಿಟ್ಟು ಓಡಿ ಬಂದರು. ನಾನು ಹೆಗಲು ಹಿಡಿದು ಎತ್ತಲು ಹೋದರೆ ಕೈ ಕೊಡವಿದಳು. ಸಾಕಷ್ಟು ಹೊತ್ತಾದ ಮೇಲೆ ತಾನೇ ಎದ್ದಳು. ಮುಖ ಕೆಂಪಗಾಗಿತ್ತು. ಮೂಗಿನ ಕೆಳಗೆ ಬೆರಳು ಸವರಿ, ಒದ್ದೆಯಾಗದ ಬೆರಳನ್ನು ನನ್ನ ಕಣ್ಣಿನ ಹತ್ತಿರ ತಂದಳು.

"ನೋಡ್ದಾ? ಬಾಣಸಿಗರಿಗೆ ಹೇಳ್ಬ್ಯಾಡ, ನಾನೇ ಬತ್ತೀನಿ. ಮುದ್ದೆಗೆ ಒಂದ್ ತೊಟ್ಟೂ ಬೀಳಲ್ಲ ಕಣ್ಲಾ."